ಗರುಡನೂ ಕೋಳಿಮರಿಯೂ

ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಬ್ರಹ್ಮಕಲಶದ ಹೊತ್ತಿಗೆ ಆಕಾಶದಲ್ಲಿ ಗರುಡ ಸುತ್ತಿತೆಂದರೆ ನೆರೆದ ಭಕ್ತರೆಲ್ಲ ತಲೆಯೆತ್ತಿ ಕೈಮುಗಿಯುತ್ತಾರೆ. ಅದೇ ಹಕ್ಕಿಯ ನೆರಳು ಹಿತ್ತಲಿನ ಕೋಳಿಮರಿಗಳ ಮೇಲೆ ಬಿದ್ದರೆ, ಅದೇ ಜನ ಕೂಗೆಬ್ಬಿಸಿ ಅದನ್ನು ಅಟ್ಟುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಪೂಜ್ಯವಾದುದನ್ನು ಕೊಲ್ಲದೆ, ತನ್ನದನ್ನು ಬಿಟ್ಟೂ ಕೊಡದೆ ಬಾಳುವುದು ಹೇಗೆಂಬ ಪ್ರಶ್ನೆಗೆ ಉಡುಪಿ, ಕಾಪು, ಕಾರ್ಕಳಗಳ ಹಿತ್ತಲುಗಳು ಬಹುಕಾಲದಿಂದ ಉತ್ತರ ಹುಡುಕಿಕೊಂಡು ಬಂದಿವೆ.

ತುಳುವಿನಲ್ಲಿ ಗಿಡುಗನಿಗೆ ‘ಗಿಡಿ’ ಎನ್ನುವರು. ಆದರೆ ಮರಿಗಳ್ಳರೆಲ್ಲ ಒಂದೇ ಜಾತಿಯವರಲ್ಲ. ಬಿಳಿ ತಲೆಯ, ಕೆಂಗಂದು ಮೈಯ ಗರುಡ ಬಹುಮಟ್ಟಿಗೆ ಮೀನು, ಏಡಿ, ಸತ್ತ ಪ್ರಾಣಿಗಳಿಂದಲೇ ಹೊಟ್ಟೆ ಹೊರೆಯುವುದು. ಕೋಳಿಮರಿ ಅದಕ್ಕೆ ಅಪರೂಪಕ್ಕೆ ಒದಗಿದ ತುತ್ತು. ಕರಿಹದ್ದು ಇನ್ನಷ್ಟು ಧೈರ್ಯದ್ದು. ಪಾರಿವಾಳದ ಗಾತ್ರದ ಬಿಜ್ಜು ಎಲೆಗಳ ಮರೆಯಲ್ಲಿ ಕುಳಿತು ಥಟ್ಟನೆ ಎರಗುತ್ತದೆ. ಕಾರ್ಕಳದಿಂದಾಚೆ ಘಟ್ಟದ ತಪ್ಪಲಿನಲ್ಲಿ ಜುಟ್ಟಿನ ದೊಡ್ಡ ಗಿಡುಗವು ಬೆಳೆದ ಕೋಳಿಯನ್ನೇ ಹಿಡಿಯಬಲ್ಲದು. ಕಳ್ಳತನ ಯಾರದೇ ಇರಲಿ, ಅಪವಾದ ಮಾತ್ರ ಎತ್ತರದಲ್ಲಿ ಎಲ್ಲರಿಗೂ ಕಾಣುವಂತೆ ಹಾರುವ ಗರುಡನದು.

ಹಿತ್ತಲಿನ ಕೋಳಿಯೆಂದರೆ ಬಡಮನೆಯ ಹೆಂಗಸಿಗೆ ಕೈಗಾಸು. ಮನೆಗೆ ಬಂದ ನೆಂಟರ ಊಟ. ದೈವಕ್ಕೆ ಹೇಳಿಕೊಂಡ ಹರಕೆ. ಒಂದು ಮರಿ ಹೋದರೆ ಇವುಗಳಲ್ಲೊಂದು ಹೋದಂತೆ. ಆದ್ದರಿಂದ ಕಾವಲು ಬೇಕಾಯಿತು. ಕೊರಗರು ಕಾಡಿನ ಬೀಳಲುಗಳಿಂದ ಹೆಣೆದ ಬುಟ್ಟಿಯನ್ನು ಅಂಗಳದಲ್ಲಿ ಕವುಚಿದರೆ ಮರಿಗಳಿಗೆ ಅದೇ ಕೋಟೆ. ಎಲ್ಲಕ್ಕಿಂತ ಮೇಲಾದ ಕಾವಲು ಹೇಂಟೆಯದೇ. ಅದು ತಲೆಯನ್ನು ವಾಲಿಸಿ ಒಂದೇ ಕಣ್ಣಿನಿಂದ ಆಕಾಶವನ್ನು ನೋಡುತ್ತದೆ. ನೆಲದ ಶತ್ರುವಿಗೆ ಒಂದು ಕೂಗು, ಆಕಾಶದ ಶತ್ರುವಿಗೆ ಬೇರೊಂದು ಕೂಗು. ಎರಡನೆಯದು ಕೇಳಿದೊಡನೆ ಮರಿಗಳು ಪೊದೆಯೊಳಕ್ಕೋ ತಾಯಿಯ ರೆಕ್ಕೆಯಡಿಗೋ ಸೇರಿ ನಿಶ್ಚಲವಾಗುತ್ತವೆ. ಕೋಳಿಯ ಮೂಲವಂಶವಾದ ಕಾಡುಕೋಳಿಯಿಂದಲೇ ಬಂದ ವಿದ್ಯೆಯಿದು.

ಇನ್ನು ಸರಕಾರದ ನೋಟ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1912ರಲ್ಲಿ, ಬ್ರಿಟಿಷ್ ಇಂಡಿಯಾಕ್ಕೆ ಕಾಡುಹಕ್ಕಿ ಮತ್ತು ಪ್ರಾಣಿಗಳ ರಕ್ಷಣೆಯ ಕಾಯ್ದೆಯೊಂದು ಬಂತು. ಅದರ ಪಟ್ಟಿಯಲ್ಲಿ ಕಾಡುಕೋಳಿಯ ಹೆಸರಿತ್ತು. ನವಿಲು, ಬಾತು, ಕೌಜುಗಗಳ ಹೆಸರಿತ್ತು. ಹದ್ದು ಗಿಡುಗಗಳ ಹೆಸರಿರಲಿಲ್ಲ. ಆ ಪಟ್ಟಿಯಲ್ಲಿ ಬಹುಪಾಲು ಶಿಕಾರಿಯ ಹಕ್ಕಿಗಳೇ. ಕೋವಿಯ ಸುಖಕ್ಕೆ ಒದಗುವ ಹಕ್ಕಿ ಉಳಿಯಬೇಕು, ಮಿಕ್ಕದ್ದು ಹೇಗಾದರೂ ಇರಲಿ ಎಂಬ ಬುದ್ಧಿ ಅದರ ಹಿಂದೆ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ದೃಷ್ಟಿಯನ್ನು ಬದಲಿಸಿತು. ಇಂದು ಗರುಡನನ್ನಾಗಲಿ ಬಿಜ್ಜನ್ನಾಗಲಿ ಕೊಲ್ಲುವುದು ಅಪರಾಧ. ಕೈಮುಗಿದವರು ನಂಬಿಕೆಯಿಂದ ಮಾಡಿದ್ದನ್ನು ಶಾಸನವು ತಡವಾಗಿ ಬರೆದುಕೊಂಡಿತು ಎನ್ನಬಹುದು.

ಈ ನಡುವೆ ಕೋಳಿಯೂ ಬದಲಾಯಿತು. ಯಂತ್ರದ ಕಾವಿನಲ್ಲಿ ಒಡೆದ ಮರಿಗೆ ತಾಯಿಯ ಕೂಗಿನ ಆಸರೆಯಿಲ್ಲ. ಬೆಳ್ಳಗಿನ ಲೆಗ್‌ಹಾರ್ನ್ ಹಸುರು ಹಿತ್ತಲಿನಲ್ಲಿ ದೂರದಿಂದಲೇ ಹದ್ದಿನ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ವಿಜ್ಞಾನಿಗಳು ರೂಪಿಸಿದ ಗಿರಿರಾಜ ತಳಿಗೆ ಬಣ್ಣದ ಗರಿಗಳಿರುವುದು ಬರಿಯ ಚೆಂದಕ್ಕಲ್ಲ. ಮಣ್ಣು ತರಗೆಲೆಗಳ ನಡುವೆ ಮರೆಯಾಗುವುದಕ್ಕೂ ಅದು ನೆರವಾಗುತ್ತದೆ. ಕಡಲಿನಿಂದಲೂ ಒಂದು ಉಪಕಾರವಾಯಿತು. ಹಿಂದಿನ ನೂಲಿನ ಬಲೆ ಬೇಗ ಕೊಳೆಯುತ್ತಿತ್ತು. ಬಳಿಕ ಬಂದ ನೈಲಾನ್ ಬಲೆ ಹರಿದ ಮೇಲೂ ವರ್ಷಗಟ್ಟಲೆ ಬಾಳುತ್ತದೆ. ಕಾಪು, ಮಲ್ಪೆಗಳ ದಡದಲ್ಲಿ ಮೊಗವೀರರು ಬಿಟ್ಟ ಹಳೆಯ ಬಲೆ ಕೋಳಿಯಂಗಳಕ್ಕೆ ಚಪ್ಪರವಾಗಬಲ್ಲದು. ಅದನ್ನು ಬಿಗಿದು ಕಟ್ಟಬೇಕು. ಜೋಲುಬಿದ್ದ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಆಗ ಕಾವಲೇ ಕೊಲೆಯಾಗುತ್ತದೆ.

ಕೋಳಿಮರಿಗೆ ಬಹಳ ಎಚ್ಚರದ ಕಾವಲು ಬೇಕಾದುದು ಮೊದಲ ಆರೆಂಟು ವಾರ ಮಾತ್ರ. ಅಷ್ಟು ದಿನ ಬುಟ್ಟಿಯೋ ಬಲೆಯೋ ಪೊದೆಯೋ ಒದಗಿದರೆ ಸಾಕು. ಗರುಡ ಗೂಡು ಕಟ್ಟುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ. ಆಗ ತೆಂಗಿನ ತಲೆಯಲ್ಲೋ ಮಾವಿನ ಕೊಂಬೆಯಲ್ಲೋ ಅದಕ್ಕೂ ಬಾಯಿ ತೆರೆದ ಮರಿಗಳಿರುತ್ತವೆ. ಹಿತ್ತಲಿನ ತಾಯಿಯೂ ಮರದ ತಾಯಿಯೂ ಒಂದೇ ಕೆಲಸದಲ್ಲಿರುವಾಗ, ಇಬ್ಬರ ನಡುವೆ ಒಂದು ಬಲೆ ಕಟ್ಟುವುದಷ್ಟೇ ಮನುಷ್ಯನ ಪಾಲಿನ ನ್ಯಾಯ.