ಬೆಳಕು ಮುಟ್ಟಿದಲ್ಲಿ ಮಾತ್ರ

ಕೋವಿಡ್ ಹಬ್ಬುತ್ತಿದ್ದ 2020ರ ಮೇ ಮೊದಲ ವಾರ ದೆಹಲಿಯಿಂದ ಒಂದು ಸುದ್ದಿ ಬಂತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಲೇಸರ್ ಕೇಂದ್ರ ಲಾಸ್ಟೆಕ್, ಗುರುಗ್ರಾಮದ ಕಂಪನಿಯೊಂದರ ನೆರವಿನಿಂದ ಬೆಳಕಿನಿಂದ ರೋಗಾಣು ಕೊಲ್ಲುವ ‘ಯುವಿ ಬ್ಲಾಸ್ಟರ್’ ಎಂಬ ಯಂತ್ರ ತಯಾರಿಸಿತ್ತು. 43 ವ್ಯಾಟ್‌ನ ಆರು ದೀಪಗಳನ್ನು ಸುತ್ತಲೂ ನಿಲ್ಲಿಸಿದ ಕಂಬದಂಥ ಯಂತ್ರ ಅದು. ಹೊರಗೆ ನಿಂತು ಮೊಬೈಲ್‌ನಿಂದಲೋ ಲ್ಯಾಪ್‌ಟಾಪ್‌ನಿಂದಲೋ ನಡೆಸಬಹುದು. 12 ಅಡಿ ಉದ್ದಗಲದ ಕೋಣೆಗೆ 10 ನಿಮಿಷ, 400 ಚದರ ಅಡಿಗೆ ಅರ್ಧ ತಾಸು ಸಾಕು. ನಡುವೆ ಯಾರಾದರೂ ಬಾಗಿಲು ತೆರೆದರೆ ದೀಪ ತಾನೇ ಆರುತ್ತದೆ. ಕಚೇರಿ, ಕಾರ್ಖಾನೆ, ಮಾಲ್, ಹೋಟೆಲು, ಮೆಟ್ರೊ, ಹೀಗೆ ಜನ ಓಡಾಡುವ ಜಾಗಗಳಿಗೆಲ್ಲ ಇದು ಒದಗುತ್ತದೆ ಎಂದು ಸರ್ಕಾರದ ಪ್ರಕಟಣೆ ಹೇಳಿತು.

ಆ ವಾರ ರಾಯಚೂರು ಜಿಲ್ಲೆ ಕೇಂದ್ರ ಸರ್ಕಾರದ ಕೋವಿಡ್ ಪಟ್ಟಿಯ ಹಸಿರು ವಲಯದಲ್ಲಿತ್ತು. ತಿಂಗಳು ಮುಗಿಯುವಷ್ಟರಲ್ಲಿ ಗುಳೆ ಹೋದವರು ಮಹಾರಾಷ್ಟ್ರದಿಂದ ಮರಳಿದರು, ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹೆಸರು ಸೋಂಕಿನ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರತೊಡಗಿತು. ರಾಜ್ಯದ ಊರೂರಲ್ಲೂ ಆಗ ಕೈಗೆ ಸಿಕ್ಕ ಅಸ್ತ್ರ ಸೋಡಿಯಂ ಹೈಪೋಕ್ಲೋರೈಟ್. ಬೆಳೆಗೆ ಔಷಧ ಹೊಡೆಯುವ ಪಂಪನ್ನೇ ಬೆನ್ನಿಗೆ ಕಟ್ಟಿಕೊಂಡು ಪೌರಕಾರ್ಮಿಕರು ಓಣಿ ಓಣಿ ಸಿಂಪಡಿಸಿದರು. ಬೀದಿಗೆ ಹೀಗೆ ಸಿಂಪಡಿಸುವುದರಿಂದ ಲಾಭವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ತಿಂಗಳು ಹೇಳಿತು. ಘಾಟಿಲ್ಲ, ಹಸಿಯಿಲ್ಲ, ಕೈ ಸುಡುವ ರಾಸಾಯನಿಕವಿಲ್ಲ ಎಂಬ ಬೆಳಕಿನ ಯಂತ್ರ ಎಲ್ಲರ ಕಣ್ಣಿಗೆ ಬಿದ್ದದ್ದು ಸಹಜವೇ. ಆದರೆ ಆ ಯಂತ್ರದ ಹಿಂದೆ ಇದ್ದದ್ದು 140 ವರ್ಷಕ್ಕೂ ಮಿಕ್ಕಿದ ವಿದ್ಯೆ.

1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟರ್ ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಕಿರಣವನ್ನು ಗುರುತಿಸಿದ. ಅದು ರೋಗಾಣುವನ್ನು ಕೊಲ್ಲುತ್ತದೆಂದು ತಿಳಿಯಲು 1877ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಪೋಷಕ ದ್ರಾವಣ ತುಂಬಿದ ಗಾಜಿನ ನಳಿಗೆಗಳನ್ನು ಬಿಸಿಲಿಗಿಟ್ಟರು. ಬಿಸಿಲು ಕಂಡದ್ದು ತಿಳಿಯಾಗಿಯೇ ಉಳಿಯಿತು, ಕತ್ತಲಲ್ಲಿಟ್ಟದ್ದು ಕದಡಿತು. ಹಾಸಿಗೆ, ಹೊದಿಕೆಗಳನ್ನು ಬಿಸಿಲಿಗೆ ಹರವುವ ನಮ್ಮ ಮನೆಗಳ ರೂಢಿಗೆ ವಿಜ್ಞಾನದ ಆಧಾರ ಸಿಕ್ಕಿದ್ದು ಅಲ್ಲಿ. 1903ರಲ್ಲಿ ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ ನೊಬೆಲ್ ಬಂತು. 1910ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಕುಡಿಯುವ ನೀರಿಗೆ ಈ ದೀಪ ಹಾಕಿ ನೋಡಿದರು. 1930ರ ಹೊತ್ತಿಗೆ ಫ್ರೆಡರಿಕ್ ಗೇಟ್ಸ್ 265 ನ್ಯಾನೊಮೀಟರ್ ಸುತ್ತಮುತ್ತಲಿನ ಅಲೆಯೇ ಬ್ಯಾಕ್ಟೀರಿಯಾಕ್ಕೆ ಹೆಚ್ಚು ಮಾರಕವೆಂದು ತೋರಿಸಿದ. ಕಡಿಮೆ ಒತ್ತಡದ ಪಾದರಸ ದೀಪ ಕೊಡುವುದು 254 ನ್ಯಾನೊಮೀಟರ್. ಕಾಕತಾಳೀಯವಾಗಿ ತೀರ ಹತ್ತಿರ. ಈ ಕಿರಣ ಜೀವಾಣುವಿನ ಡಿಎನ್‌ಎಯಲ್ಲಿ ಅಕ್ಕಪಕ್ಕದ ಕೊಂಡಿಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ, ಆಮೇಲೆ ಅದು ತನ್ನ ಪ್ರತಿ ಮಾಡಿಕೊಳ್ಳಲಾರದು. ಇಷ್ಟು ಚಿಕ್ಕ ಅಲೆಯ ಯುವಿಗೆ ಯುವಿ-ಸಿ ಎನ್ನುತ್ತಾರೆ, ಸೂರ್ಯನಿಂದ ಹೊರಟ ಯುವಿ-ಸಿ ಓಜೋನ್ ಪದರವನ್ನು ದಾಟುವುದಿಲ್ಲ. ಹಾಗಾಗಿ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲೂ ಅದಿಲ್ಲ, ದೀಪದಿಂದಲೇ ಪಡೆಯಬೇಕು.

ಮುಂದಿನ ಅಧ್ಯಾಯ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಅದನ್ನು ಜಗತ್ತು ದೀರ್ಘಕಾಲ ಮರೆತಿತ್ತು. ಅಮೆರಿಕದ ವಿಲಿಯಂ ವೆಲ್ಸ್ ಫಿಲಡೆಲ್ಫಿಯಾ ಬಳಿಯ ಶಾಲೆಗಳಲ್ಲಿ ಜನರ ತಲೆಗಿಂತ ಮೇಲೆ ಯುವಿ ದೀಪ ಹಾಕಿಸಿದರು. 1941ರಲ್ಲಿ ದಡಾರ ಬಂದಾಗ ದೀಪವಿದ್ದ ತರಗತಿಗಳಲ್ಲಿ ಅದು ಹರಡಿದ್ದು ಬಹಳ ಕಡಿಮೆ. ವೆಲ್ಸ್ ಜೊತೆಗೆ ದುಡಿದ ರಿಚರ್ಡ್ ರೈಲಿ 1950ರ ದಶಕದಲ್ಲಿ ಬಾಲ್ಟಿಮೋರ್‌ನ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳಿಗೆ ಹಾಯಿಸಿದರು. ಬರೀ ಗಾಳಿ ಉಸಿರಾಡಿದವುಗಳಿಗೆ ಸೋಂಕು ತಗುಲಿತು, ಯುವಿ ಹಾಯ್ದ ಗಾಳಿ ಉಸಿರಾಡಿದವುಗಳಿಗೆ ತಗುಲಲಿಲ್ಲ. ಅಷ್ಟರಲ್ಲಿ ಆ್ಯಂಟಿಬಯಾಟಿಕ್ ಮಾತ್ರೆಗಳ ಯುಗ ಬಂದಿತ್ತು. ದೀಪಗಳು ಮೂಲೆ ಸೇರಿದವು.

ಅವುಗಳನ್ನು ಮತ್ತೆ ಹೊತ್ತು ರೋಬೋ ಬಂದದ್ದು ಆಸ್ಪತ್ರೆಯ ಬಾಗಿಲಿನಿಂದ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹಾಸಿಗೆಯ ಸರಳು, ಬಾಗಿಲ ಹಿಡಿಕೆಗಳಲ್ಲಿ ಉಳಿದು ಮುಂದಿನ ರೋಗಿಗೆ ಅಂಟುತ್ತಿದ್ದವು. 2017ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ, ಅಮೆರಿಕದ ಒಂಬತ್ತು ಆಸ್ಪತ್ರೆಗಳ ಅಧ್ಯಯನದಲ್ಲಿ ಎಂದಿನ ಶುಚಿತ್ವದ ಮೇಲೆ ಯುವಿ ಸೇರಿಸಿದಾಗ ಅಂಥ ಸೋಂಕು ಸುಮಾರು ಶೇ 30ರಷ್ಟು ಇಳಿಯಿತು. ಎಂದಿನ ಶುಚಿತ್ವದ ಮೇಲೆ ಎಂಬುದನ್ನು ಗಮನಿಸಬೇಕು. ಬಟ್ಟೆ ಹಿಡಿದು ಒರೆಸುವ ಆಯಾಳ ಕೆಲಸವನ್ನು ಯಾವ ದೀಪವೂ ತಪ್ಪಿಸಿಲ್ಲ. ಡೆನ್ಮಾರ್ಕಿನ ಓಡೆನ್ಸ್ ನಗರದ ಯುವಿಡಿ ರೋಬೋಟ್ಸ್ ಕಂಪನಿ ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಯೊಂದಿಗೆ ಸೇರಿ, ಲೇಸರ್‌ನಿಂದ ಕೋಣೆಯ ನಕ್ಷೆ ಬರೆದುಕೊಂಡು ತಾನೇ ಅಡ್ಡಾಡುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 2020ರ ಕೊನೆಗೆ ಯುರೋಪಿಯನ್ ಕಮಿಷನ್ ಆಸ್ಪತ್ರೆಗಳಿಗಾಗಿ ಇಂಥ 200 ಯಂತ್ರಗಳ ಖರೀದಿ ಘೋಷಿಸಿತು. ಸಿಂಗಪುರದ ಮಾಲ್‌ನಲ್ಲಿ ಒಂದು, ಬೋಸ್ಟನ್ನಿನ ಫುಡ್ ಬ್ಯಾಂಕ್ ಗೋದಾಮಿನಲ್ಲಿ ಎಂಐಟಿ ತಂಡದ ಇನ್ನೊಂದು ಓಡಾಡಿದವು. ಎಂಐಟಿಯದು 4,000 ಚದರ ಅಡಿಯನ್ನು ಅರ್ಧ ತಾಸಿನಲ್ಲಿ ಸುತ್ತುತ್ತಿತ್ತು. ‘ಮಿತ್ರ’ ರೋಬೋದಿಂದ ಹೆಸರಾಗಿದ್ದ ಬೆಂಗಳೂರಿನ ಇನ್ವೆಂಟೋ ಕಂಪನಿಯೂ ಯುವಿ ಹೊತ್ತು ನಡೆಯುವ ಯಂತ್ರ ಮಾಡಿತು. ಹೈದರಾಬಾದಿನ ಡಿಆರ್‌ಡಿಒ ಪ್ರಯೋಗಾಲಯ ಮೊಬೈಲು, ನೋಟುಗಳಿಗೆಂದೇ ಯುವಿ ಪೆಟ್ಟಿಗೆ ತಯಾರಿಸಿತು.

ಈ ಉತ್ಸಾಹಕ್ಕೆ ಕಡಿವಾಣ ಬಿದ್ದದ್ದು ಎರಡು ಕಡೆಯಿಂದ. ಜನರ ಮೈಮೇಲೆ ರಾಸಾಯನಿಕ ಸಿಂಪಡಿಸುವ ಸುರಂಗಗಳನ್ನೂ ಕೃತಕ ನೇರಳಾತೀತ ಕಿರಣಕ್ಕೆ ಮನುಷ್ಯರನ್ನು ಒಡ್ಡುವುದನ್ನೂ ನಿಷೇಧಿಸುವ ಅಥವಾ ನಿಯಂತ್ರಿಸುವ ಬಗ್ಗೆ ನಿರ್ದೇಶನ ಹೊರಡಿಸುವಂತೆ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. 254 ನ್ಯಾನೊಮೀಟರ್ ಬೆಳಕು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಕೋರ್ಟಿನ ಮಾತು ತಡವಾಗಿ ಬಂದರೂ ಬೇಕಾಗಿತ್ತು. ಎರಡನೆಯದು ವಿಜ್ಞಾನದ್ದೇ. ಸೋಂಕಿದ ವಸ್ತುವನ್ನು ಒಮ್ಮೆ ಮುಟ್ಟಿ ಕೋವಿಡ್ ತಗುಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತಿಳಿಸಿತು. ರೋಗ ಹರಡುತ್ತಿದ್ದದ್ದು ಮುಖ್ಯವಾಗಿ ಗಾಳಿಯಲ್ಲಿ. ಮೇಜು, ಕೌಂಟರು ಬೆಳಗುವ ರೋಬೋ ತನ್ನ ದೊಡ್ಡ ಕಾರಣವನ್ನೇ ಕಳೆದುಕೊಂಡಿತು. ವೆಲ್ಸ್ ಮತ್ತೆ ನೆನಪಾದರು. ಚಂಡೀಗಢದ ವೈಜ್ಞಾನಿಕ ಉಪಕರಣ ಸಂಸ್ಥೆ ಸಿಎಸ್‌ಐಒ ಹವಾನಿಯಂತ್ರಣದ ಕೊಳವೆಯೊಳಗೇ ಯುವಿ ಕೂರಿಸುವ ವ್ಯವಸ್ಥೆ ರೂಪಿಸಿತು, ಅದನ್ನು ಸಂಸತ್ ಭವನಕ್ಕೆ ಅಳವಡಿಸುವುದಾಗಿ 2021ರಲ್ಲಿ ಪ್ರಕಟವಾಯಿತು.

ಇನ್ನು ರಾಯಚೂರಿನ ನೆಲಕ್ಕೆ ಬಂದು ನೋಡೋಣ. ನಗರದ ತೀನ್ ಕಂದೀಲ್ ಸುತ್ತಿನ ಕಿರಾಣಿ ಅಂಗಡಿಗಳಲ್ಲಿ ಎಷ್ಟಕ್ಕೋ 12 ಅಡಿ ಉದ್ದಗಲವೂ ಇರುವುದಿಲ್ಲ. ಯುವಿ ಬ್ಲಾಸ್ಟರ್ ಲೆಕ್ಕದಂತೆ 10 ನಿಮಿಷದೊಳಗೆ ಮುಗಿಯಬೇಕು. ಆದರೆ ಒಳಗೆ ಒಂದರ ಮೇಲೊಂದು ಪೇರಿಸಿದ ಚೀಲ, ತೂಗುಬಿಟ್ಟ ಶಾಂಪೂ ಸರ, ಡಬ್ಬಿಗಳ ಹಿಂದೆ ಡಬ್ಬಿ. ಯುವಿ ಬೆಳಕು ಮುಂದಿನ ಚೀಲದ ಮುಖಕ್ಕೆ ಬಿದ್ದು ಅಲ್ಲೇ ನಿಲ್ಲುತ್ತದೆ. ಸಾಮಾನ್ಯ ಗಾಜನ್ನೂ ಬಟ್ಟೆಯನ್ನೂ ದಾಟುವುದಿಲ್ಲ, ನೆರಳಿನಲ್ಲಿ ಏನೂ ಮಾಡುವುದಿಲ್ಲ, ದೂರ ಹೋದಷ್ಟೂ ಸೊರಗುತ್ತದೆ. ಬಟ್ಟೆ ಅಂಗಡಿಯಾದರೆ ಸೀರೆಯ ಬಣ್ಣ ಮಾಸುತ್ತದೆ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಹಾರುವ ಅರಳೆಯ ಎಳೆ, ಮಾನ್ವಿಯ ರೈಸ್ ಮಿಲ್ಲಿನಲ್ಲಿ ತೌಡಿನ ದೂಳು ದೀಪಕ್ಕೇ ಮೆತ್ತಿಕೊಂಡು ಬೆಳಕನ್ನು ನುಂಗುತ್ತವೆ. ಹೊಸ್ತಿಲು, ಮೆಟ್ಟಿಲುಗಳನ್ನು ಗಾಲಿಯ ಯಂತ್ರ ಹತ್ತಲಾರದು. ಇಂಥ ಅಂಗಡಿಗೆ ರೋಬೋ ಕೊಳ್ಳುವ ಹಣವಿದ್ದರೆ ಹಿಂಬದಿ ಗೋಡೆಗೆ ಕಿಟಕಿ ಬಿಡಿಸಿ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಮೇಲು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಯುವಿ ನಿಜವಾಗಿ ಬೇಕಾದ ಜಾಗಗಳು ಬೇರೆ. ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಚಲಿಸುವ ಯಂತ್ರಕ್ಕೂ ಅರ್ಥವಿದೆ: ನೆಲ ನುಣುಪು, ಕೋಣೆ ಖಾಲಿ, ಬಾಗಿಲು ಮುಚ್ಚಬಹುದು. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಮ್ಮುವವರು ಒತ್ತಾಗಿ ಕೂರುವ ಹೊರರೋಗಿಗಳ ಹಜಾರಕ್ಕೆ ಗೋಡೆಯ ಮೇಲ್ಭಾಗದ ಸ್ಥಿರ ದೀಪ ಸಾಕು. ಏಳಡಿಗಿಂತ ಮೇಲೆ ಹಾಕಿ ಬೆಳಕನ್ನು ಅಡ್ಡಕ್ಕೆ ಮಾತ್ರ ಬಿಟ್ಟರೆ, ಫ್ಯಾನು ಮೇಲೆಳೆದ ಗಾಳಿ ಅಲ್ಲಿ ತೊಳೆದು ಬರುತ್ತದೆ, ಕೆಳಗಿದ್ದವರಿಗೆ ತಾಗುವುದಿಲ್ಲ. ಪೆರುವಿನ ಲೀಮಾದ ಆಸ್ಪತ್ರೆಯೊಂದರಲ್ಲಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು: ವಾರ್ಡಿನ ಗಾಳಿ ಉಸಿರಾಡಿದ ಗಿನಿಯಿಲಿಗಳಲ್ಲಿ ಶೇ 35ಕ್ಕೆ ಕ್ಷಯ ಸೋಂಕಿದರೆ, ಯುವಿ ಹಚ್ಚಿದ ದಿನಗಳ ಗಾಳಿ ಉಸಿರಾಡಿದವುಗಳಲ್ಲಿ ಶೇ 9.5ಕ್ಕೆ ಮಾತ್ರ. ಕ್ಷಯ ಬಿಟ್ಟುಹೋಗದ ಜಿಲ್ಲೆಗಳಿಗೆ ಇದು ಸಣ್ಣ ಮಾತಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ನೀರು. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಕೃಷ್ಣೆ, ತುಂಗಭದ್ರೆ ಎರಡೂ ಇರುವ ಜಿಲ್ಲೆಯ ಕೇಂದ್ರದಲ್ಲಿ ಹೀಗಾಯಿತು. ಮರುವರ್ಷದ ಬೇಸಿಗೆಯಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಿಂದ ಅದೇ ಬಗೆಯ ಸುದ್ದಿ ಬಂತು. ನೀರಿನ ಯುವಿ ನಮ್ಮ ದೇಶದ ಅನುಭವಕ್ಕೆ ಹೊಸದಲ್ಲ. 1990ರ ದಶಕದ ಆರಂಭದಲ್ಲಿ ಬಂಗಾಳದಲ್ಲಿ ಹೊಸ ತಳಿಯ ಕಾಲರಾ ಹಬ್ಬಿದಾಗ, ಮುಂಬೈಯಲ್ಲಿ ಹುಟ್ಟಿದ ವಿಜ್ಞಾನಿ ಅಶೋಕ್ ಗಾಡ್ಗೀಳ್ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿ ಸರಳ ಸಾಧನವೊಂದನ್ನು ರೂಪಿಸಿದರು. ದೀಪ ನೀರಿಗೆ ತಾಗದೆ ಮೇಲೆ ಇರುತ್ತದೆ, ಕೆಳಗೆ ನೀರು ತೆಳ್ಳಗೆ ಹರಿಯುತ್ತದೆ. ನಿಮಿಷಕ್ಕೆ ಸುಮಾರು 15 ಲೀಟರ್. ಒಂದು ಮನೆಯ ಬಲ್ಬು ಉರಿಸುವಷ್ಟು ವಿದ್ಯುತ್ ಸಾಕು.

ದೀಪವನ್ನು ನೀರಿಗೆ ತಾಗಿಸದಿರುವುದರಲ್ಲಿ ದೊಡ್ಡ ವಿವೇಕವಿದೆ. ಮಾಮೂಲಿ ಯಂತ್ರಗಳಲ್ಲಿ ದೀಪ ಸ್ಫಟಿಕದ ಕೊಳವೆಯೊಳಗಿದ್ದು, ಸುತ್ತಲೂ ನೀರು ಹರಿಯುತ್ತದೆ. ನೀರು ಗಡುಸಾಗಿದ್ದರೆ ಆ ಕೊಳವೆಯ ಮೇಲೆ ಬಿಳಿ ಉಪ್ಪಿನ ಪೊರೆ ಕಟ್ಟುತ್ತದೆ. ಒಳಗೆ ದೀಪ ಉರಿಯುತ್ತಲೇ ಇರುತ್ತದೆ, ಕಿರಣ ಹೊರಗೆ ಬರುವುದಿಲ್ಲ. ದೀಪದ ಆಯುಷ್ಯ ಸಾಮಾನ್ಯವಾಗಿ 9,000 ತಾಸು, ಅಂದರೆ ಬಿಡದೆ ಉರಿಸಿದರೆ ಒಂದು ವರ್ಷ. ಅದು ತೀರಿದ ಮೇಲೂ ನೀಲಿ ಹೊಳಪು ಕಾಣುತ್ತಿರುತ್ತದೆ, ಕೊಲ್ಲುವ ಕಿರಣ ಮಾತ್ರ ಕುಗ್ಗಿರುತ್ತದೆ. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಯುವಿ ಇದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ದೀಪ ಯಾವ ತಿಂಗಳು ಬದಲಾಯಿತು, ಕೊಳವೆ ಯಾವಾಗ ಒರೆಸಿದರು ಎಂಬುದೇ. ಮಳೆಗಾಲದ ಕೆಂಪು ನೀರನ್ನು ಸೋಸದೆ ಯುವಿಗೆ ಬಿಟ್ಟರೆ ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಪಾರಾಗುತ್ತದೆ. ಈ ಜಿಲ್ಲೆಯ ಅಂತರ್ಜಲದ ಫ್ಲೋರೈಡ್, ಕೆಲವೆಡೆಯ ಆರ್ಸೆನಿಕ್‌ಗೆ ಯುವಿ ಏನನ್ನೂ ಮಾಡದು. ಅದಕ್ಕೆ ಆರ್‌ಒ ಬೇಕು, ಯುವಿ ಅದರ ನಂತರದ ಸಾಲಿನಲ್ಲಿರಬೇಕು.

ಸದ್ಯ ಸಂಶೋಧನೆ 222 ನ್ಯಾನೊಮೀಟರ್ ಕಡೆ ಹೊರಳಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಬ್ರೆನ್ನರ್ ತಂಡ 2018ರಲ್ಲಿ ಈ ಬೆಳಕು ಗಾಳಿಯಲ್ಲಿನ ಫ್ಲೂ ವೈರಾಣುವನ್ನು ಕೊಲ್ಲುತ್ತದೆಂದು ತೋರಿಸಿತು. ಚರ್ಮದ ಸತ್ತ ಹೊರಪದರವೇ ಇದನ್ನು ತಡೆಯುವುದರಿಂದ, ಜನ ಇರುವಾಗಲೇ ಉರಿಸಬಹುದೆಂಬ ನಿರೀಕ್ಷೆ ಇದೆ. ಓಜೋನ್ ಹುಟ್ಟುವ ಸಮಸ್ಯೆಯೂ ಬೆಲೆಯೂ ಬಗೆಹರಿದರೆ, ಕಿಟಕಿಯೇ ಇಲ್ಲದ ಅಂಗಡಿಯ ಛಾವಣಿಗೆ ಅದು ಬರಬಹುದು. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿರುವುದರಿಂದ, ಹಳೆಯ ದೀಪದ ಜಾಗಕ್ಕೆ ಯುವಿ ಎಲ್‌ಇಡಿಯೂ ಕಾಯುತ್ತಿದೆ. ಎರಡರಲ್ಲಿ ಯಾವುದು ಮೊದಲು ಬಂದರೂ ನೀರಿನ ಘಟಕದ ದೀಪ ಬದಲಿಸುವ ಕೆಲಸ ಈ ವರ್ಷವೇ ಆಗಬೇಕು.