ಹೆಬ್ಬೆರಳಿಗೆ ರಜೆ ಕೊಟ್ಟ ರಿವಾಲ್ವರ್

ಹಳೇ ಸಿನಿಮಾಗಳಲ್ಲಿ ನೋಡಿರ್ತೀರ. ವಿಲನ್ ರಿವಾಲ್ವರ್ ಹಿಡಿದು ಹೆಬ್ಬೆರಳಿಂದ ಹಿಂದಿರೋ ಹ್ಯಾಮರ್ ಎಳೀತಾನೆ, 'ಕ್ಲಿಕ್' ಅಂತ ಸದ್ದು, ಎದುರಿಗಿದ್ದವರ ಎದೆ ಝಲ್! ಆದರೆ ಡಬಲ್ ಆಕ್ಷನ್ ರಿವಾಲ್ವರಿನಲ್ಲಿ ಆ ಕ್ಲಿಕ್ಕಿನ ಅಗತ್ಯವೇ ಇಲ್ಲ. ಟ್ರಿಗರ್ ಒತ್ತಿದರೆ ಸಾಕು, ಸಿಲಿಂಡರ್ ತಿರುಗಿ, ಹ್ಯಾಮರ್ ಹಿಂದಕ್ಕೆ ಹೋಗಿ, ತಾನೇ ಬಿಟ್ಟುಕೊಂಡು ಬಡಿಯುತ್ತೆ. ಹ್ಯಾಮರ್ ಎತ್ತೋದು, ಬಿಡೋದು ಎರಡೂ ಟ್ರಿಗರಿನದ್ದೇ ಕೆಲಸ. ಅದಕ್ಕೇ 'ಡಬಲ್'.

ಇದರ ಹಿಂದೊಂದು ಪೈಪೋಟಿಯ ಕಥೆ ಇದೆ.

1851ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ಅಮೆರಿಕದ ಸ್ಯಾಮ್ಯುಯಲ್ ಕೋಲ್ಟ್ ತನ್ನ ರಿವಾಲ್ವರುಗಳನ್ನು ಅಲ್ಲಿಗೆ ತಂದಿದ್ದ. ಪ್ರತಿ ಗುಂಡಿಗೂ ಹೆಬ್ಬೆರಳಿಂದ ಹ್ಯಾಮರ್ ಎಳೀಬೇಕು. ನಿಧಾನ, ಆದರೆ ಆಮೇಲೆ ಟ್ರಿಗರ್ ಹಗುರ, ಗುರಿ ಚೆನ್ನಾಗಿರುತ್ತೆ. ಅವನಿಗೆ ಎದುರಾದವನು ಇಂಗ್ಲೆಂಡಿನ ರಾಬರ್ಟ್ ಆಡಮ್ಸ್. ಇವನ 5 ಗುಂಡಿನ ರಿವಾಲ್ವರಿನಲ್ಲಿ ಹ್ಯಾಮರಿಗೆ ಹೆಬ್ಬೆರಳಿಡೋ ಜಾಗವೇ ಇಲ್ಲ! ಎಲ್ಲಾ ಟ್ರಿಗರಿನಿಂದಲೇ. ಬೇಗ ಹಾರುತ್ತೆ ನಿಜ, ಆದರೆ ಟ್ರಿಗರ್ ಬಿಗಿ. ಜೋರಾಗಿ ಎಳೆಯುವಾಗ ಕೈ ಅಲುಗಿ ದೂರದ ಗುರಿ ತಪ್ಪುತ್ತೆ.

ಯಾವುದು ಮೇಲು? ಉತ್ತರ ಸಿಕ್ಕಿದ್ದು ಕ್ರಿಮಿಯಾ ಯುದ್ಧದಲ್ಲಿ (1853-56). ಬ್ರಿಟಿಷ್ ಅಧಿಕಾರಿಗಳು ಪಿಸ್ತೂಲನ್ನು ಸ್ವಂತ ದುಡ್ಡಲ್ಲೇ ಕೊಳ್ಳಬೇಕಿತ್ತು. ಶತ್ರು ಮೈಮೇಲೆ ಬಿದ್ದಾಗ ಹೆಬ್ಬೆರಳಾಡಿಸೋಕೆ ಪುರುಸೊತ್ತೆಲ್ಲಿ? ಅಲ್ಲಿ ಆಡಮ್ಸನ ವೇಗ ಪ್ರಾಣ ಉಳಿಸುತ್ತಿತ್ತು. ಅದೇ ಯುದ್ಧದಲ್ಲಿದ್ದ ಫ್ರೆಡರಿಕ್ ಬೋಮಾಂಟ್ ಎಂಬ ಎಂಜಿನಿಯರ್ ಅಧಿಕಾರಿ ಎರಡನ್ನೂ ಸೇರಿಸಿದ. ಆತುರವಿದ್ದರೆ ಟ್ರಿಗರ್ ಎಳಿ, ಸಮಯವಿದ್ದರೆ ಹೆಬ್ಬೆರಳಿಂದ ಹ್ಯಾಮರ್ ಎತ್ತಿ ಗುರಿ ಇಡು. 1856ರಲ್ಲಿ ಈ ಬೋಮಾಂಟ್-ಆಡಮ್ಸ್ ಬ್ರಿಟಿಷ್ ಸೇನೆಗೆ ಬಂತು. ಕೋಲ್ಟ್ 1853ರಲ್ಲಿ ಲಂಡನ್ನಿನಲ್ಲಿ ತೆರೆದಿದ್ದ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನ ವರ್ಷವೇ 1857... ಅದೇ ರಿವಾಲ್ವರುಗಳು ನಮ್ಮ ದೇಶದ ದಂಗೆ ಅಡಗಿಸಲು ಬಂದ ಅಧಿಕಾರಿಗಳ ಸೊಂಟದಲ್ಲಿದ್ದವು. ಅದೇ ವರ್ಷ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳೋ ಕಾಯ್ದೆ ತಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು 'ಕೊಡಲ್ಲ' ಅಂದರು. ಬೇಟೆಯೇ ಬದುಕಾದವರಿಗೆ ಆಯುಧ ಬಿಡೋದೆಂದರೆ ಕೈ ಕತ್ತರಿಸಿಕೊಂಡ ಹಾಗೆ. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಸಿಕ್ಕವರಲ್ಲಿ ಮುಖ್ಯರಾದವರನ್ನು ಗಲ್ಲಿಗೇರಿಸಿತು.

ಅಲ್ಲಿ ಒಂದು ಬೆರಳಿನ ಕೆಲಸ ಉಳಿಸೋಕೆ ಇಷ್ಟೆಲ್ಲಾ ಬುದ್ಧಿ ಖರ್ಚು, ಇಲ್ಲಿ ಹಳೇ ಬಂದೂಕು, ಕತ್ತಿ ಇಟ್ಟುಕೊಂಡಿದ್ದೇ ತಪ್ಪು! ಇನ್ನು ಮೇಲೆ ಸಿನಿಮಾದಲ್ಲಿ ಆ 'ಕ್ಲಿಕ್' ಕೇಳಿದರೆ ನನಗಂತೂ ಹಲಗಲಿ ನೆನಪಾಗುತ್ತೆ. ಆ ಬೇಡರ ಲಾವಣಿಯನ್ನು ಯಾರಾದರೂ ಹಾಡೋದನ್ನು ನೀವು ಕೇಳಿದ್ದೀರಾ?