ಮುಷ್ಟಿಯಲ್ಲಿ ಬೆಳ್ಳಿ ನಾಣ್ಯ ಹಿಡಿದು ಕಾದಿದ ಎಲಿಜಬೆತ್

ಭಾಲ್ಕಿ, ಔರಾದ್ ಕಡೆ ಜಾತ್ರೆಯ ಕುಸ್ತಿ ನೋಡದವರು ಕಡಿಮೆ. ಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿವರೆಗೆ ಕಣ ಬಿಟ್ಟು ಜನ ಏಳುವುದಿಲ್ಲ. ಪಕ್ಕದ ಬಸವಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ಸಾಮು, ಪಟ್ಟುಗಳ ಬಗ್ಗೆ ಬರೆದಿದ್ದಾನೆ. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇದೆ. ಆದರೆ ಇಲ್ಲೆಲ್ಲ ಹೆಸರು ಮಾಡಿದವರು ಗಂಡಸರೇ. ಬರಿ ಮುಷ್ಟಿಯಿಂದ ಕಾದಿ ಹೆಸರಾದ ಹೆಣ್ಣುಮಗಳನ್ನು ಹುಡುಕಿದರೆ 300 ವರ್ಷ ಹಿಂದಿನ ಲಂಡನ್ನಿಗೆ ಹೋಗಬೇಕು. ಆಕೆಯ ಹೆಸರು ಎಲಿಜಬೆತ್ ವಿಲ್ಕಿನ್ಸನ್.

1722ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಆಕೆಯ ಸವಾಲು ಅಚ್ಚಾಯಿತು. ಹ್ಯಾನಾ ಹೈಫೀಲ್ಡ್ ಎಂಬಾಕೆಯ ಜೊತೆ ಮಾತಿಗೆ ಮಾತು ಬೆಳೆದಿದೆ, ವೇದಿಕೆ ಮೇಲೆ ಬಂದು ನನ್ನೊಡನೆ ಬಾಕ್ಸಿಂಗ್ ಆಡಲಿ, ಪಣ 3 ಗಿನ್ನಿ ಎಂಬುದು ಅದರ ಸಾರ. ಮಾತಿಗಿಂತ ಏಟು ಹೆಚ್ಚು ಕೊಡುತ್ತೇನೆ ಎಂದು ಹ್ಯಾನಾ ಕೂಡ ಉತ್ತರ ಕೊಟ್ಟಳು. ನಮ್ಮಲ್ಲಿ ನಲ್ಲಿ ಹತ್ತಿರ ನಡೆಯುವ ಜಗಳ ಅಲ್ಲಿ ಪೇಪರಿಗೆ ಏರಿತ್ತು ಅನ್ನಿ!

ಪಂದ್ಯದ ಷರತ್ತು ವಿಚಿತ್ರ. ಇಬ್ಬರೂ ಎರಡೂ ಕೈಯಲ್ಲಿ ಒಂದೊಂದು ಹಾಫ್ ಕ್ರೌನ್ ನಾಣ್ಯ ಹಿಡಿದಿರಬೇಕು. ನಮ್ಮ ಹಳೇ ಬೆಳ್ಳಿ ರೂಪಾಯಿಗಿಂತ ಅದು ತುಸು ದೊಡ್ಡದು. ಯಾರ ಕೈಯಿಂದ ಮೊದಲು ನಾಣ್ಯ ಬೀಳುತ್ತದೋ ಅವರು ಸೋತಂತೆ.

ಆ ಷರತ್ತಿನ ಹಿಂದೆ ಜಾಣತನ ಇದೆ. ಆಗಿನ ಬಾಕ್ಸಿಂಗ್‌ಗೆ ಬರೆದಿಟ್ಟ ನಿಯಮಗಳೇ ಇರಲಿಲ್ಲ, ಅವು ಬಂದದ್ದು 1743ರಲ್ಲಿ. ಎದುರಾಳಿಯನ್ನು ಹಿಡಿದು ಕೆಡವುವುದೂ ಆಟದ ಭಾಗವೇ ಆಗಿತ್ತು. ನಾಣ್ಯ ಹಿಡಿದವಳು ಬೆರಳು ಬಿಚ್ಚುವಂತಿಲ್ಲ. ಪರಚಲು ಬಾರದು, ಕೂದಲು ಜಗ್ಗಲು ಬಾರದು. ಉಳಿದದ್ದು ಬರಿ ಗುದ್ದು. ಅರ್ಧ ತಾಸು ಕುಡುಗೋಲು ಹಿಡಿದು ಜೋಳ ಕೊಯ್ದವರಿಗೆ ಮುಷ್ಟಿ ಹೇಗೆ ಸೋಲುತ್ತದೆ ಅಂತ ಹೇಳಬೇಕಿಲ್ಲ. ಹೆಂಗಸರ ಜಗಳ ಅಂದರೆ ಜುಟ್ಟು ಹಿಡಿಯುವುದು ಎಂದು ನಗುವವರಿಗೆ ಈ ಷರತ್ತೇ ಉತ್ತರ ಅಂತ ನನಗನ್ನಿಸುತ್ತದೆ.

ಮುಂದೆ ಆಕೆ ಎಲಿಜಬೆತ್ ಸ್ಟೋಕ್ಸ್ ಎಂಬ ಹೆಸರಿನಲ್ಲಿ ಕಾದಿದಳು. ಜೇಮ್ಸ್ ಸ್ಟೋಕ್ಸ್ ಕೂಡ ಕಾಳಗದವನು, ಅವನದೇ ಅಖಾಡ ಇತ್ತು. 1726ರಲ್ಲಿ ಐರ್ಲೆಂಡಿನ ಮೇರಿ ವೆಲ್ಚ್ ಎಂಬಾಕೆಯ ಜೊತೆ ಸವಾಲು ನಡೆಯಿತು. ಕತ್ತಿ, ಬಾಕು, ದೊಣ್ಣೆ ಕೂಡ ಎಲಿಜಬೆತ್‌ಗೆ ಒಗ್ಗಿದ್ದವು.

1728ರಲ್ಲಿ ಕತ್ತೆ ಹೊಡೆಯುವ ಆ್ಯನ್ ಫೀಲ್ಡ್ ಎಂಬಾಕೆ 10 ಪೌಂಡ್ ಪಣಕ್ಕೆ ಕರೆದಳು. ಆರು ವರ್ಷದ ಹಿಂದೆ ಮೀನುಪೇಟೆ ಬಿಲ್ಲಿಂಗ್ಸ್‌ಗೇಟಿನ ಹೆಸರಾಂತ ಬಾಕ್ಸರ್‌ಳನ್ನು 29 ನಿಮಿಷ ಕಾದಿ ಸೋಲಿಸಿದ್ದೆ, ನೀನು ಕತ್ತೆಗೆ ಕೊಟ್ಟ ಏಟಿಗಿಂತ ನನ್ನ ಏಟು ಅರಗಿಸಿಕೊಳ್ಳುವುದು ಕಷ್ಟ ಎಂಬರ್ಥದಲ್ಲಿ ಎಲಿಜಬೆತ್ ಉತ್ತರಿಸಿದಳು.

ಅದೇ ಕಾಲದ ಜೇಮ್ಸ್ ಫಿಗ್‌ನನ್ನು ಇಂಗ್ಲೆಂಡಿನ ಮೊದಲ ಚಾಂಪಿಯನ್ ಎಂದು ಬಾಕ್ಸಿಂಗ್ ಚರಿತ್ರೆ ನೆನೆಯುತ್ತದೆ, 1992ರಲ್ಲಿ ಅವನಿಗೆ ಹಾಲ್ ಆಫ್ ಫೇಮ್ ಗೌರವವೂ ಸಿಕ್ಕಿತು. ಎಲಿಜಬೆತ್ ಬಹುಕಾಲ ಅಡಿಟಿಪ್ಪಣಿಯಾಗಿಯೇ ಉಳಿದಳು. ಆಕೆ ಹಣ ಕಟ್ಟಿ ಕಾದಿದ ಇಂಗ್ಲೆಂಡಿನಲ್ಲೇ ಅಮೆಚೂರ್ ಬಾಕ್ಸಿಂಗ್ ಸಂಸ್ಥೆ ಹೆಂಗಸರ ಮೇಲಿನ ನಿಷೇಧ ತೆಗೆದದ್ದು 1996ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಕ್ಸಿಂಗ್ ಪದಕದ ಆಟವಾದದ್ದು 2012ರಲ್ಲಿ, ಅದೂ ಲಂಡನ್ನಿನಲ್ಲೇ. ನಮ್ಮ ಮೇರಿ ಕೋಮ್ ಕಂಚು ತಂದದ್ದು ಆಗಲೇ. ಹತ್ತು ವರ್ಷದ ಬಳಿಕ, 2022ರಲ್ಲಿ, ವಿಶ್ವ ಚಾಂಪಿಯನ್ ಆದ ನಿಖತ್ ಜರೀನ್ ಬೀದರಿನಿಂದ ದೂರವೇನಲ್ಲದ ನಿಜಾಮಾಬಾದಿನವರು.